ಕೈ ಮಾಡುವ ಪುಟ್ಟ ಮಕ್ಕಳು: ಅಮ್ಮ ಒಂದು ಹೇಳುತ್ತಾರೆ, ಟೀಚರ್ ಇನ್ನೊಂದು, ನನ್ನ ಎಣಿಕೆ ಮತ್ತೊಂದು

ಎಣಿಕೆಪುಸ್ತಕ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ, ಬೇಸರ ಮಾಡಿಕೊಳ್ಳಬೇಡಿ.

ಮಕ್ಕಳ ಬೆಳವಣಿಗೆ ವಿಷಯದಲ್ಲಿ ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದೇನೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಹೊಡೆಯುವುದು, ಕಚ್ಚುವುದು, ತಳ್ಳುವುದು ನನ್ನ ವಿಷಯ. ಯಾಕೆ ಹೊಡೆಯುತ್ತಾರೆ ಅಂತ ಹುಡುಕುತ್ತಿಲ್ಲ. ಎಷ್ಟು ಹೊಡೆಯುತ್ತಾರೆ ಅಂತ ಅಳೆಯುವುದು ಹೇಗೆ, ಅಷ್ಟೇ. ಸುಲಭ ಅಂದುಕೊಂಡು ಆರಿಸಿಕೊಂಡೆ. ಈಗ ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ.

ಒಂದು ಶಿಶುವಿಹಾರದಲ್ಲಿ 12 ಮಕ್ಕಳನ್ನು ನೋಡಿದೆ. ದಿನಕ್ಕೆ ಒಂದೊಂದು ಮಗುವಿಗೆ 10 ನಿಮಿಷ, ಹೀಗೆ ಆರು ದಿನ. ಅಂದರೆ ಪ್ರತಿ ಮಗುವಿಗೆ ಒಂದು ಗಂಟೆ. ಜೊತೆಗೆ ಅಮ್ಮಂದಿರಿಗೂ ಟೀಚರ್‌ಗೂ ಒಂದೇ ಪ್ರಶ್ನೆ ಕೇಳಿದೆ: "ಈ ಮಗು ಬೇರೆ ಮಕ್ಕಳ ಮೇಲೆ ಕೈ ಮಾಡುತ್ತದೆಯೇ?" ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ ಅಂತ ಮೂರು ಉತ್ತರ ಕೊಟ್ಟಿದ್ದೆ.

ಮೂರು ವರ್ಷದ ಒಬ್ಬ ಹುಡುಗನಿಗೆ ಅಮ್ಮ "ಎಂದೂ ಇಲ್ಲ" ಅಂದರು. ಟೀಚರ್ "ಆಗಾಗ" ಅಂದರು. ನನ್ನ ಪುಸ್ತಕದಲ್ಲಿ ಸೊನ್ನೆ. ಎರಡು ತುಂಬಿದ ಒಬ್ಬಳು ಹುಡುಗಿಗೆ ಎಲ್ಲಾ ಉಲ್ಟಾ. ಅಮ್ಮ "ಆಗಾಗ", ಟೀಚರ್ "ಎಂದೂ ಇಲ್ಲ", ನನ್ನ ಎಣಿಕೆಯಲ್ಲಿ ಐದು.

"ಇದರಲ್ಲಿ ಯಾವುದು ಸರಿ?" ಅಂತ ನನ್ನ ಗೈಡ್ ಕೇಳುತ್ತಿದ್ದಾರೆ. ನಾನೂ ಅದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ.

ಬೆಳಗಿನ ಪಾಳಿ

ನಾನು ಹದಿನಾಲ್ಕು ವರ್ಷದಿಂದ ಈ ವಯಸ್ಸಿನ ಮಕ್ಕಳ ಟೀಚರ್. ಮೊದಲು ಒಂದು ಮಾತು ಹೇಳಿ. ನೀವು ಎಷ್ಟು ಹೊತ್ತಿಗೆ ಕೂರುತ್ತಿದ್ದಿರಿ?

ಎಣಿಕೆಪುಸ್ತಕ

ಮೇಡಂ, ಹತ್ತರಿಂದ ಹನ್ನೆರಡರ ತನಕ. ಆಗ ಕಥೆ ಹೇಳುವುದು, ಚಿತ್ರ ಬಿಡಿಸುವುದು, ಆಮೇಲೆ ಸ್ವಲ್ಪ ಆಟ.

ಬೆಳಗಿನ ಪಾಳಿ

ಅಂದುಕೊಂಡೆ! ಕಥೆ ಕೇಳುವಾಗ ಯಾವ ಮಗು ಹೊಡೆಯುತ್ತದೆ ಹೇಳಿ? ಕೈ ಮಾಡುವುದೆಲ್ಲ ಆಗುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ. ಜಾರುಬಂಡೆಯ ಸಾಲಿನಲ್ಲಿ, ಕೈ ತೊಳೆಯುವ ನಲ್ಲಿಯ ಮುಂದೆ, ಚಪ್ಪಲಿ ಹಾಕಿಕೊಳ್ಳುವ ಜಾಗದಲ್ಲಿ. ಆಮೇಲೆ ಮನೆಗೆ ಹೋಗುವ ಮುಂಚಿನ ಅರ್ಧ ಗಂಟೆ. ಆಗ ಎಲ್ಲರಿಗೂ ಸುಸ್ತು, ನನಗೂ ಸೇರಿ.

ಇನ್ನೊಂದು ವಿಷಯ ನಿಜ ಹೇಳಿಬಿಡುತ್ತೇನೆ. ಟೀಚರ್ "ಆಗಾಗ" ಅಂದರೆ ಏನರ್ಥ ಅಂದುಕೊಂಡಿರಿ? ನನ್ನ ಮುಂದೆ ಇಪ್ಪತ್ತು ಮಕ್ಕಳಿರುತ್ತಾರೆ. ನಾನು ಈ ಮಗುವನ್ನು ಉಳಿದ ಹತ್ತೊಂಬತ್ತರ ಪಕ್ಕ ನಿಲ್ಲಿಸಿ ನೋಡುತ್ತೇನೆ. ಅಮ್ಮ ಯಾರ ಪಕ್ಕ ನಿಲ್ಲಿಸಿ ನೋಡುತ್ತಾರೆ? ಅಣ್ಣನ ಪಕ್ಕ ಇರಬಹುದು, ಯಾರ ಪಕ್ಕವೂ ಇಲ್ಲದಿರಬಹುದು. ಆಮೇಲೆ ನನಗೆ ನೆನಪಿರುವುದು ಹೊಡೆತ ಅಲ್ಲ, ಅಳು. ಹೊಡೆಸಿಕೊಂಡ ಮಗು ಅಳದೇ ಸುಮ್ನೆ ಎದ್ದು ಹೋದರೆ ನನಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಐದು ಎಣಿಕೆಯ ಹುಡುಗಿಯ ಕಥೆ ಬಹುಶಃ ಅದೇ. ಎರಡು ವರ್ಷದ ಕೈಯಲ್ಲಿ ಬಲ ಎಷ್ಟಿರುತ್ತದೆ?

ಸೊನ್ನೆಗಳು ಜಾಸ್ತಿ

ಲೆಕ್ಕದ ಕಡೆಯಿಂದ ಬರುತ್ತೇನೆ. ನಿಮ್ಮ ಮೂರು ವರ್ಷದ ಹುಡುಗ ನಿಜಕ್ಕೂ ಗಂಟೆಗೆ ಸರಾಸರಿ ಒಂದು ಸಲ ಕೈ ಮಾಡುವವನು ಅಂತಿಟ್ಟುಕೊಳ್ಳಿ. ಟೀಚರ್ ಪಾಲಿಗೆ ಅದು ದಿನಕ್ಕೆ ನಾಲ್ಕೈದು ಸಲ. ಖಂಡಿತ "ಆಗಾಗ". ಈಗ ನೀವು ಅವನನ್ನು ಬರೀ ಒಂದು ಗಂಟೆ ನೋಡಿದ್ದೀರಿ. ಹೊಡೆತಗಳು ಹೇಗೆಂದರೆ ಹಾಗೆ ಚದುರಿ ಬೀಳುತ್ತವೆ ಅಂದುಕೊಂಡರೆ, ಆ ಒಂದು ಗಂಟೆಯಲ್ಲಿ ಒಂದೂ ಕಾಣದೇ ಇರುವ ಸಾಧ್ಯತೆ ಸುಮಾರು 37%. ಮೂರಕ್ಕೆ ಒಂದಕ್ಕಿಂತ ಜಾಸ್ತಿ!

ಅಂದರೆ ನಿಮ್ಮ ಸೊನ್ನೆಗೂ ಟೀಚರ್ ಹೇಳಿದ "ಆಗಾಗ"ಕ್ಕೂ ಜಗಳವೇ ಇಲ್ಲ. ಎರಡೂ ಒಟ್ಟಿಗೆ ನಿಜ ಆಗಬಹುದು. ಅದೇ ಹುಡುಗನನ್ನು ಮೂರು ಗಂಟೆ ನೋಡಿದ್ದರೆ ಸೊನ್ನೆ ಬರುವ ಸಾಧ್ಯತೆ 5%ಗೆ ಇಳಿಯುತ್ತಿತ್ತು. ಆದರೆ ಎರಡು ಗಂಟೆಗೊಮ್ಮೆ ಹೊಡೆಯುವ ಮಗುವಾದರೆ? ನಾಲ್ಕು ಗಂಟೆ ಕೂತರೂ 13–14% ಸಲ ಖಾಲಿ ಪುಸ್ತಕದೊಂದಿಗೆ ಎದ್ದು ಬರುತ್ತೀರಿ.

ಅಪರೂಪದ ವರ್ತನೆಯನ್ನು ಕಣ್ಣಾರೆ ಎಣಿಸಿ ಅಳೆಯಬೇಕು ಅಂದರೆ ಗಂಟೆಗಳು ಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ಅವಳಿತಾಯಿ

ನನ್ನದು ಓದು ಬರಹದ ಅನುಭವ ಅಲ್ಲ, ಮನೆ ಅನುಭವ. ಎರಡೂವರೆ ವರ್ಷದ ಅವಳಿಗಳು. ಒಬ್ಬಳು ಕೋಪ ಬಂದರೆ ಹೊಡೆಯುತ್ತಾಳೆ. ಇನ್ನೊಬ್ಬಳು ಖುಷಿ ಜಾಸ್ತಿಯಾದರೆ ಕಚ್ಚುತ್ತಾಳೆ. ಹೌದು, ಖುಷಿಗೆ! ಅಪ್ಪ ಬಾಗಿಲಲ್ಲಿ ಕಂಡರೆ ಓಡಿ ಹೋಗಿ ತೊಡೆ ಕಚ್ಚುತ್ತಾಳೆ.

ಡಾಕ್ಟರ್ ಹತ್ತಿರ ಒಂದು ಫಾರ್ಮ್ ಕೊಟ್ಟಿದ್ದರು. ನಾನು ತುಂಬಿದ್ದರಲ್ಲಿ ಕಚ್ಚುವವಳಿಗೆ ಅಂಕ ಜಾಸ್ತಿ ಬಂತು. ಅವರಪ್ಪ ತುಂಬಿದ್ದರಲ್ಲಿ ಇಬ್ಬರಿಗೂ ಏನೂ ಇಲ್ಲ. ಒಂದೇ ಮನೆ, ಅವೇ ಎರಡು ಮಕ್ಕಳು. ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಆ ರಾತ್ರಿ ನಮ್ಮಿಬ್ಬರಿಗೇ ಜಗಳ ಆಯಿತು. ಅದನ್ನು ಅಳೆಯುವವರು ಯಾರೂ ಇರಲಿಲ್ಲ, ಪುಣ್ಯ.

ಸಂಜೆ ಕ್ಲಿನಿಕ್

ಯಾರೂ ಸುಳ್ಳು ಹೇಳುತ್ತಿಲ್ಲ. ಇದು ಹಳೆಯ ಕಥೆ. 1987ರಲ್ಲಿ ಅಕೆನ್‌ಬಾಕ್ ಅನ್ನುವ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು 119 ಅಧ್ಯಯನಗಳನ್ನು ಒಟ್ಟು ಹಾಕಿ ಇದನ್ನೇ ನೋಡಿದರು. ಒಂದೇ ಪಾತ್ರದಲ್ಲಿರುವ ಇಬ್ಬರ ನಡುವೆ, ಅಂದರೆ ಅಪ್ಪ ಮತ್ತು ಅಮ್ಮ, ಅಥವಾ ಇಬ್ಬರು ಟೀಚರ್‌ಗಳ ನಡುವೆ, ಹೊಂದಾಣಿಕೆ ಸರಾಸರಿ 0.60 (1 ಅಂದರೆ ಪೂರ್ತಿ ಹೊಂದಾಣಿಕೆ, 0 ಅಂದರೆ ಏನೂ ಇಲ್ಲ). ಪೋಷಕರು ಮತ್ತು ಟೀಚರ್ ಹೀಗೆ ಬೇರೆ ಬೇರೆ ಜಾಗದಲ್ಲಿ ಮಗುವನ್ನು ನೋಡುವವರ ನಡುವೆ ಬರೀ 0.28. ಅದು ಎಲ್ಲಾ ವಯಸ್ಸಿನ ಮಕ್ಕಳ, ಎಲ್ಲಾ ಥರದ ತೊಂದರೆಗಳ ಲೆಕ್ಕ. ಆದರೂ ವಿಷಯ ಗೊತ್ತಾಗುತ್ತದೆ. ಎಣಿಕೆಪುಸ್ತಕ ಅವರೇ, ನಿಮ್ಮ ಅಮ್ಮಂದಿರು ಮತ್ತು ಟೀಚರ್ ಪೂರ್ತಿ ಹೊಂದಿಕೊಂಡಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಇದನ್ನು ನಾವು ತಪ್ಪು ಅಂತ ನೋಡುವುದಿಲ್ಲ, ಮಾಹಿತಿ ಅಂತ ನೋಡುತ್ತೇವೆ. ಮನೆಯಲ್ಲಿ ಮಾತ್ರ ಕೈ ಮಾಡುವ ಮಗು ಬೇರೆ, ಶಾಲೆಯಲ್ಲಿ ಮಾತ್ರ ಮಾಡುವ ಮಗು ಬೇರೆ, ಎರಡೂ ಕಡೆ ಮಾಡುವ ಮಗು ಬೇರೆ. ಮೂರು ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದರೆ ಯಾರು ಎಲ್ಲಿ ಕೈ ಮಾಡುತ್ತಾರೆ ಅನ್ನುವುದೇ ಮುಚ್ಚಿಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಅವಳಿತಾಯಿ ಅವರೇ, ನಿಮ್ಮ ಡಾಕ್ಟರ್ ಯಾವ ಫಾರ್ಮ್ ಕೊಟ್ಟರೋ ಗೊತ್ತಿಲ್ಲ. ಆದರೆ ಎಲ್ಲಾ ಫಾರ್ಮ್‌ಗಳೂ ಒಂದೇ ವಿಷಯ ಅಳೆಯುವುದಿಲ್ಲ. ಒಂದೂವರೆಯಿಂದ ಐದು ವರ್ಷದವರ ಸಿಬಿಸಿಎಲ್ ತೆಗೆದುಕೊಳ್ಳಿ, ಮಗುವಿನ ವರ್ತನೆ ಬಗ್ಗೆ ಪೋಷಕರು ತುಂಬುವ ಪಟ್ಟಿ ಅದು. ಕಳೆದ ಎರಡು ತಿಂಗಳ ಬಗ್ಗೆ ಕೇಳುತ್ತದೆ. ಪ್ರತಿ ಸಾಲಿಗೂ 0, 1, 2. ಅದರಲ್ಲಿ 'ಆಕ್ರಮಣಶೀಲ ವರ್ತನೆ' ಅನ್ನುವ ಭಾಗದಲ್ಲಿ 19 ಸಾಲುಗಳಿವೆ. ಹೊಡೆಯುತ್ತದೆ, ಜಗಳಕ್ಕೆ ಹೋಗುತ್ತದೆ, ಮೈಮೇಲೆ ಬೀಳುತ್ತದೆ, ಇವೆಲ್ಲ ಇವೆ. ಆದರೆ ಅದೇ 19ರಲ್ಲಿ ಹಠ, ಕಿರುಚುವುದು, ಸ್ವಾರ್ಥ, ಕೇಳಿದ್ದು ತಕ್ಷಣ ಬೇಕು ಅನ್ನುವುದೂ ಇವೆ. ಯಾರ ಮೈಯನ್ನೂ ಮುಟ್ಟದ, ಬರೀ ಕಿರುಚಿ ಹಠ ಮಾಡುವ ಮಗುವಿಗೂ ಇಲ್ಲಿ ದೊಡ್ಡ ಅಂಕ ಬರಬಹುದು.

ನಿಮ್ಮ ವಿಷಯ ಕೈ ಮಾಡುವುದು ಮಾತ್ರ ಆಗಿದ್ದರೆ ಆ ಒಟ್ಟು ಅಂಕವನ್ನು ಅದರ ಅಳತೆ ಅಂತ ಕರೆಯಬೇಡಿ. ಪ್ರಬಂಧಗಳಲ್ಲಿ ನಾನು ಅತಿ ಹೆಚ್ಚು ನೋಡುವ ಎಡವಟ್ಟು ಇದೇ.

ಕಿರುಗಣ್ಣು

ಸಂಜೆ ಕ್ಲಿನಿಕ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಾಬರ್ಟ್ ಗುಡ್‌ಮನ್ 1997ರಲ್ಲಿ ತಂದ ಎಸ್‌ಡಿಕ್ಯೂ ಅನ್ನುವ ಪ್ರಶ್ನಾವಳಿಯನ್ನು ಎಲ್ಲರೂ ಬಳಸುತ್ತಾರೆ, ಯಾಕೆಂದರೆ ಚಿಕ್ಕದು. ಒಟ್ಟು 25 ಸಾಲು. ಅದರಲ್ಲಿ ನಡತೆಯ ತೊಂದರೆಗೆ ಐದು. ಆ ಐದರಲ್ಲಿ ಬೇರೆ ಮಕ್ಕಳೊಂದಿಗೆ ಹೊಡೆದಾಟ ಅನ್ನುವುದು ಒಂದೇ ಸಾಲು, ಅದರೊಳಗೂ ಪೀಡಿಸುವುದು ಸೇರಿಕೊಂಡಿದೆ. ಕೇಳುವುದು ಕಳೆದ ಆರು ತಿಂಗಳ ಬಗ್ಗೆ. ಎರಡು ವರ್ಷದ ಮಗುವಿಗೆ ಆರು ತಿಂಗಳು ಅಂದರೆ ಆಯುಸ್ಸಿನ ಕಾಲು ಭಾಗ! ಆರು ತಿಂಗಳ ಹಿಂದೆ ಅದು ಸರಿಯಾಗಿ ಓಡುತ್ತಲೂ ಇರಲಿಲ್ಲ. ಯಾವ ಮಗುವಿನ ಬಗ್ಗೆ ಉತ್ತರ ಕೊಡುತ್ತಿದ್ದೇವೆ ಅಂತ ಅಮ್ಮನಿಗೇ ಗೊಂದಲ.

ನಾನು ಮೆಚ್ಚುವುದು ಐಬರ್ಗ್ ಅವರ ಪ್ರಶ್ನಾವಳಿ. 36 ಸಾಲುಗಳು. ಪ್ರತಿ ಸಾಲಿಗೂ ಎರಡು ಉತ್ತರ. ಎಷ್ಟು ಸಲ ಅನ್ನುವುದಕ್ಕೆ 1ರಿಂದ 7. ಇದು ನಿಮಗೆ ತೊಂದರೆ ಅನಿಸುತ್ತದೆಯೇ ಅನ್ನುವುದಕ್ಕೆ ಹೌದು ಅಥವಾ ಇಲ್ಲ. ಎಂಥ ಜಾಣತನ ನೋಡಿ. ಅಮ್ಮನ ತಾಳ್ಮೆ ಬೇರೆ, ಮಗುವಿನ ಕೈ ಬೇರೆ. ಅವೆರಡನ್ನೂ ಒಂದೇ ಅಂಕದಲ್ಲಿ ಕಲಸಿಬಿಡುವುದರಿಂದಲೇ ಅರ್ಧ ಗೊಂದಲ. ಅವಳಿತಾಯಿ ಮನೆಯ ಜಗಳವೂ ಇದರಿಂದ ನಿಲ್ಲುತ್ತಿತ್ತು. ಎಷ್ಟು ಸಲ ಅನ್ನುವುದರಲ್ಲಿ ಇಬ್ಬರೂ ಒಪ್ಪುತ್ತಿದ್ದರೇನೋ. ಅಪ್ಪನಿಗೆ ಅದು ತೊಂದರೆ ಅನಿಸಿಲ್ಲ, ಅಷ್ಟೇ.

ಅವಳಿತಾಯಿ

ತೊಡೆ ಅವರದ್ದೇ. ಆದರೂ ತೊಂದರೆ ಇಲ್ಲವಂತೆ.

ಸುಮ್ನೆ ಓದುಗ

ಕ್ಷಮಿಸಿ, ಇಷ್ಟೆಲ್ಲಾ ಯಾಕೆ? ಮಕ್ಕಳು ಅಂದರೆ ಹೊಡೆದಾಡುತ್ತಾರೆ, ಐದು ನಿಮಿಷಕ್ಕೆ ಮರೆಯುತ್ತಾರೆ. ಅದಕ್ಕೂ ಅಂಕ, ಗಂಟೆ, ಶೇಕಡಾ. ನಾಳೆ ಪಾಪದ ಮಗುವಿನ ಹಣೆಗೆ "ಆಕ್ರಮಣಶೀಲ" ಅಂತ ಚೀಟಿ ಅಂಟಿಸುತ್ತೀರಿ.

ಕಿರುಗಣ್ಣು

ಐದು ನಿಮಿಷ ಜಾಸ್ತಿಯಾಯಿತು ಸಾರ್. 1934ರಲ್ಲಿ ಹೆಲೆನ್ ಡಾವ್ ಅನ್ನುವವರು ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳ 200 ಜಗಳಗಳನ್ನು ಕೂತು ಬರೆದುಕೊಂಡರು. ಒಂದು ಜಗಳದ ಸರಾಸರಿ ಅವಧಿ ಅರ್ಧ ನಿಮಿಷಕ್ಕೂ ಕಮ್ಮಿ. ಇದು ನಿಮ್ಮ ವಾದಕ್ಕೆ ಬಲ. ಅಳೆಯುವವರಿಗೂ ಪಾಠ: ಪುಸ್ತಕದಲ್ಲಿ ಬರೆಯಲು ತಲೆ ಬಗ್ಗಿಸಿದರೆ ಜಗಳ ಮುಗಿದಿರುತ್ತದೆ.

ಯಾಕೆ ಅಳೆಯಬೇಕು ಅನ್ನುವುದಕ್ಕೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. "ಮಕ್ಕಳು ಅಂದರೆ ಹೊಡೆದಾಡುತ್ತಾರೆ" ಅಂದಿರಿ. ನಿಮಗೆ ಅದು ಹೇಗೆ ಗೊತ್ತು? ಹಿಂದೆ ಬಹಳ ಜನ ಉಲ್ಟಾ ನಂಬಿದ್ದರು. ಮಗು ಮೊದಲು ಸಾಧು, ಆಮೇಲೆ ದೊಡ್ಡವರನ್ನು ನೋಡಿ ಹೊಡೆಯಲು ಕಲಿಯುತ್ತದೆ ಅಂತ. ಹಾಗಾಗಿ ಹೆಚ್ಚಿನವರು ದೊಡ್ಡ ಮಕ್ಕಳನ್ನೇ ಅಳೆಯುತ್ತಿದ್ದರು. ಕೆನಡಾದ ಕ್ವೆಬೆಕ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ತಂಡ ಹಿಂದೆ ಹೋಗಿ, ನಡೆಯಲು ಕಲಿತ ಮಕ್ಕಳನ್ನೇ ಅಳೆಯಲು ಶುರು ಮಾಡಿದ ಮೇಲೆ ಚಿತ್ರ ತಿರುಗಿತು. ನೆದರ್ಲೆಂಡ್ಸ್‌ನಲ್ಲಿ 2,253 ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿದ ಅಧ್ಯಯನ 2006ರಲ್ಲಿ ಬಂತು. ಅದರಲ್ಲೂ ಅದೇ ರೂಪ. ಒಂದು ವರ್ಷದ ಹೆಚ್ಚಿನ ಮಕ್ಕಳಲ್ಲಿ ಆಗಲೇ ಕೈ ಮಾಡುವುದು ಇದೆ. ಎರಡನೇ ವರ್ಷದಲ್ಲಿ ಏರುತ್ತದೆ. ಮೂರು ತುಂಬಿದ ಮೇಲೆ ಇಳಿಯುತ್ತದೆ. ಹುಡುಗ ಹುಡುಗಿಯರ ವ್ಯತ್ಯಾಸ ಒಂದು ವರ್ಷಕ್ಕೆ ಇಲ್ಲ, ಎರಡಕ್ಕೆ ಕಾಣುತ್ತದೆ.

ಮಕ್ಕಳು ಹೊಡೆಯಲು ಕಲಿಯುವುದಲ್ಲ, ಹೊಡೆಯದೇ ಇರಲು ಕಲಿಯುತ್ತಾರೆ. ಅಳೆಯದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಚೀಟಿ ಅಂಟಿಸುವ ಭಯ ಇರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಸುಮ್ನೆ ಓದುಗ

ಸರಿ, ಅದು ಒಪ್ಪಿದೆ. ಆದರೆ "ಇಷ್ಟು ಶೇಕಡಾ ಮಕ್ಕಳು ಜಾಸ್ತಿ ಆಕ್ರಮಣಶೀಲರು" ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಅದು ಎಲ್ಲಿಂದ?

ಸೊನ್ನೆಗಳು ಜಾಸ್ತಿ

ಇದು ಒಳ್ಳೆಯ ಪ್ರಶ್ನೆ. ಟ್ರೆಂಬ್ಲೆ ತಂಡದ 2004ರ ಲೇಖನ ಇದೆ. 572 ಕುಟುಂಬಗಳು, 17ರಿಂದ 42 ತಿಂಗಳ ತನಕ ಅಮ್ಮಂದಿರ ಉತ್ತರ. ಮಕ್ಕಳು ಮೂರು ದಾರಿ ಹಿಡಿದರು. ಸುಮಾರು 28% ಕೈ ಮಾಡಿದ್ದೇ ಇಲ್ಲ ಅನ್ನುವಷ್ಟು ಕಮ್ಮಿ. 58% ಮಧ್ಯಮ. 14% ಜಾಸ್ತಿ. ಅದೇ 2004ರಲ್ಲಿ ಅಮೆರಿಕದ ಎನ್‌ಐಸಿಎಚ್‌ಡಿ (ಮಕ್ಕಳ ಆರೋಗ್ಯದ ಸರ್ಕಾರಿ ಸಂಶೋಧನಾ ಸಂಸ್ಥೆ) ತಂಡವೂ ಅಮ್ಮಂದಿರ ಉತ್ತರ ಇಟ್ಟುಕೊಂಡು ಎರಡರಿಂದ ಒಂಬತ್ತು ವರ್ಷದ ತನಕ ನೋಡಿತು. ಅಲ್ಲಿ ಮೇಲಿನ ಗುಂಪಿನಲ್ಲಿದ್ದವರು 3% ಮಾತ್ರ.

14 ಎಲ್ಲಿ, 3 ಎಲ್ಲಿ! ಮಕ್ಕಳು ಅಷ್ಟು ಬೇರೆ ಅಂತಲ್ಲ. ಪ್ರಶ್ನೆಗಳು ಬೇರೆ, ವಯಸ್ಸಿನ ಹರವು ಬೇರೆ, ಗುಂಪು ಕತ್ತರಿಸಿದ ಜಾಗ ಬೇರೆ. ಒಂದು ಅಧ್ಯಯನ ಮೂರೂವರೆ ವರ್ಷಕ್ಕೇ ನಿಂತಿದೆ, ಇನ್ನೊಂದು ಇಳಿದ ಮೇಲೂ ನೋಡಿದೆ. ಈ ಗುಂಪುಗಳು ಪ್ರಕೃತಿಯಲ್ಲಿ ಗೋಡೆ ಕಟ್ಟಿಕೊಂಡು ಕೂತಿಲ್ಲ. ಲೆಕ್ಕ ಮಾಡುವವರು ಗೆರೆ ಎಳೆದಿದ್ದಾರೆ. ಹಾಗಾಗಿ ಶೇಕಡಾ ಕಂಡ ಕೂಡಲೇ "ಯಾವ ಅಳತೆಪಟ್ಟಿಯಲ್ಲಿ?" ಅಂತ ಕೇಳಿ.

ಎಣಿಕೆಪುಸ್ತಕ

ಎಲ್ಲರಿಗೂ ಧನ್ಯವಾದ. ನಾಚಿಕೆಯಾಗುತ್ತಿದೆ, ಆದರೂ ಒಂದು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹುಡುಗಿಯ ಆ ಐದನ್ನು ನಿನ್ನೆ ಮತ್ತೆ ತೆಗೆದು ನೋಡಿದೆ. ಎರಡು ಹೊಡೆತ. ಎರಡು ಆಟಿಕೆ ಕಿತ್ತುಕೊಂಡದ್ದು. ಒಂದು ಸಲ ಕುಣಿಯುವಾಗ ಕೈ ತಗುಲಿದ್ದು. ಎಲ್ಲವನ್ನೂ ಒಂದೇ ಗೀಟು ಹಾಕಿದ್ದೆ.

ಕಿತ್ತುಕೊಳ್ಳುವುದನ್ನು ಎಣಿಸಬೇಕೇ ಬೇಡವೇ? ಇನ್ನೊಂದು ವಿಷಯ. ಗೆಳತಿಯನ್ನೂ ಕೂರಿಸಿಕೊಂಡು ಒಂದು ದಿನ ಇಬ್ಬರೂ ಒಂದೇ ಮಕ್ಕಳನ್ನು ನೋಡಿ ಗುರುತು ಹಾಕಿದೆವು. 92% ಹೊಂದಿತು. ಗೈಡ್ ಕಪ್ಪಾ ಎಷ್ಟು ಅಂತ ಕೇಳಿದರು. 0.29 ಬಂತು. 92 ಇದ್ದದ್ದು 0.29 ಹೇಗಾಯಿತು?

ಸೊನ್ನೆಗಳು ಜಾಸ್ತಿ

ನನ್ನ ಹೆಸರೇ ಉತ್ತರ! ನಿಮ್ಮ ಹಾಳೆಯಲ್ಲಿ ಒಂದೊಂದು ಸಣ್ಣ ಹೊತ್ತಿಗೆ ಒಂದರಂತೆ 100 ಖಾನೆಗಳಿದ್ದವು ಅಂದುಕೊಳ್ಳಿ. 90ರಲ್ಲಿ ಇಬ್ಬರೂ "ಏನೂ ಆಗಲಿಲ್ಲ" ಅಂದಿರಿ. 2ರಲ್ಲಿ ಇಬ್ಬರೂ "ಹೊಡೆದ" ಅಂದಿರಿ. 4ರಲ್ಲಿ ನೀವು ಮಾತ್ರ, 4ರಲ್ಲಿ ಗೆಳತಿ ಮಾತ್ರ. ಹೊಂದಿದ್ದು 92. ಆದರೆ ಹೆಚ್ಚಿನ ಖಾನೆ ಖಾಲಿ ಇರುವಾಗ ಇಬ್ಬರೂ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಸುಮಾರು 89 ಹೊಂದುತ್ತಿತ್ತು. ಕಪ್ಪಾ ಆ ಪುಕ್ಕಟೆ ಹೊಂದಾಣಿಕೆಯನ್ನು ಕಳೆದು, ಉಳಿದದ್ದರಲ್ಲಿ ಎಷ್ಟು ಪಾಲು ನಿಮ್ಮದು ಅಂತ ಹೇಳುತ್ತದೆ. 100ಕ್ಕೆ ಉಳಿದಿದ್ದ 11 ಚಿಲ್ಲರೆಯಲ್ಲಿ ನಿಮಗೆ ಸಿಕ್ಕಿದ್ದು 3 ಚಿಲ್ಲರೆ, ಅಂದರೆ 0.29.

ಇನ್ನೂ ನೇರವಾಗಿ ಬೇಕಾ? ಯಾರಾದರೊಬ್ಬರು ಹೊಡೆತ ಅಂದ ಖಾನೆ 10. ಇಬ್ಬರೂ ಒಪ್ಪಿದ್ದು 2. "ಏನೂ ಆಗಲಿಲ್ಲ" ಅನ್ನುವುದರಲ್ಲಿ ನೀವಿಬ್ಬರೂ ನಿಪುಣರು. ಹೊಡೆತದಲ್ಲಿ ಅಲ್ಲ.

ಕಿರುಗಣ್ಣು

ಅದಕ್ಕೆ ಕಾರಣ ಗೆಳತಿಯ ಕಣ್ಣಲ್ಲ, ನಿಮ್ಮ ವ್ಯಾಖ್ಯೆ. ಹೊಡೆತ ಅಂದರೆ ಏನು ಅಂತ ಮೊದಲೇ ಬರೆದುಕೊಂಡಿದ್ದಿರಾ? ಇಲ್ಲ ಅನಿಸುತ್ತದೆ.

ನಾನು ಮಾಡುವುದು ಹೀಗೆ. ಉದ್ದೇಶವನ್ನು ಬಿಟ್ಟುಬಿಡುತ್ತೇನೆ. "ನೋವು ಮಾಡಬೇಕು ಅಂತ ಹೊಡೆಯುವುದು" ಅನ್ನುವ ವ್ಯಾಖ್ಯೆ ದೊಡ್ಡವರಿಗೆ ಸರಿ. ಒಂದೂವರೆ ವರ್ಷದ ಮಗುವಿನ ತಲೆಯೊಳಗೆ ಏನಿತ್ತು ಅಂತ ನೀವು ಹೇಗೆ ಹೇಳುತ್ತೀರಿ? ಕಣ್ಣಿಗೆ ಕಾಣುವ ಕ್ರಿಯೆ ಮಾತ್ರ ಬರೆಯಿರಿ. ಈ ವಿಷಯದಲ್ಲಿ ಕನ್ನಡ ನಿಮಗೆ ದೊಡ್ಡ ಉಪಕಾರ ಮಾಡುತ್ತದೆ. ತಟ್ಟು, ಹೊಡೆ, ಬಡಿ, ಗುದ್ದು, ಒದೆ, ತುಳಿ, ತಳ್ಳು, ದಬ್ಬು, ಚಿವುಟು, ಪರಚು, ಕಚ್ಚು, ಕೂದಲು ಜಗ್ಗು, ವಸ್ತು ಎಸೆ. ಪ್ರತಿಯೊಂದಕ್ಕೂ ಒಂದೊಂದು ಸಾಲು ವಿವರಣೆ ಕೊಡಿ. ತೆರೆದ ಅಂಗೈ ಮೆಲ್ಲಗೆ ತಾಗಿದರೆ ತಟ್ಟುವುದು. ಕೈ ಹಿಂದಕ್ಕೆ ಹೋಗಿ ಬೀಸಿ ಬಂದರೆ ಹೊಡೆಯುವುದು. ಮುಷ್ಟಿ ಇದ್ದರೆ ಗುದ್ದುವುದು. ತಟ್ಟುವುದನ್ನು ಬೇರೆ ಇಡಿ. ಚಿಕ್ಕ ಮಕ್ಕಳು "ಬಾ, ಆಡೋಣ" ಅನ್ನಲೂ ತಟ್ಟುತ್ತಾರೆ. ಮಾತು ಇನ್ನೂ ಬಂದಿಲ್ಲ, ಇನ್ನೇನು ಮಾಡುತ್ತಾರೆ?

ಕಿತ್ತುಕೊಳ್ಳುವುದು ನನ್ನ ಪ್ರಕಾರ ಬೇರೆ ಖಾನೆ. ಅಲ್ಲಿ ಬಲ ವಸ್ತುವಿನ ಮೇಲೆ, ಮೈಮೇಲೆ ಅಲ್ಲ. ಕೆಲವರು ಎರಡನ್ನೂ ಸೇರಿಸುತ್ತಾರೆ, ಸೇರಿಸಲಿ. ಬೇರೆ ಬೇರೆ ಬರೆದಿದ್ದರೆ ಆಮೇಲೆ ಕೂಡಿಸಬಹುದು. ಒಂದೇ ಗೀಟು ಹಾಕಿದ್ದರೆ ಬಿಡಿಸಲಾಗದು.

ಕೈ ತಗುಲಿದ್ದಕ್ಕೂ ಖಾನೆ ಇರಲಿ. ನೋಡುತ್ತಿರಲಿಲ್ಲ, ಕೈ ತಗುಲಿತು. ಅಷ್ಟು ಸಾಕು.

ಬೆಳಗಿನ ಪಾಳಿ

ಕುಸ್ತಿ ಆಟ? ನನ್ನ ಹುಡುಗರು ದಿನವಿಡೀ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಹೊಸಬರು ಯಾರಾದರೂ ಬಂದು ಎಣಿಸಿದರೆ ನನ್ನ ತರಗತಿ ರಣರಂಗ ಅಂತ ಬರೆಯುತ್ತಾರೆ.

ಕಿರುಗಣ್ಣು

ಮೇಡಂ, ಅದನ್ನು ಬೇರೆ ಮಾಡಿದ್ದು 1967ರಲ್ಲಿ ನಿಕೋಲಸ್ ಬ್ಲರ್ಟನ್ ಜೋನ್ಸ್. ಪ್ರಾಣಿಗಳ ವರ್ತನೆ ನೋಡುವ ವಿಧಾನದಲ್ಲೇ ಶಿಶುವಿಹಾರದ ಮಕ್ಕಳನ್ನು ನೋಡಿದವರು. ಕುಸ್ತಿ ಆಟದಲ್ಲಿ ಮುಖ ನಗುತ್ತಿರುತ್ತದೆ, ಕೈ ಎತ್ತಿದರೂ ಪೂರ್ತಿ ತಾಗುವುದಿಲ್ಲ, ಓಡುವುದು ಹಾರುವುದು ಜೊತೆಗಿರುತ್ತದೆ. ಜಗಳದಲ್ಲಿ ಹುಬ್ಬು ಗಂಟಿಕ್ಕಿರುತ್ತದೆ, ದಿಟ್ಟಿಸಿ ನೋಡುತ್ತಾರೆ, ನಡುವೆ ಒಂದು ವಸ್ತು ಇರುತ್ತದೆ. ನನಗೆ ಅತಿ ಉಪಯೋಗಕ್ಕೆ ಬಂದ ಗುರುತು ಮಾತ್ರ ಬೇರೆ: ಮುಗಿದ ಮೇಲೆ ಏನಾಯಿತು? ಆಟವಾಗಿದ್ದರೆ ಇಬ್ಬರೂ ಒಟ್ಟಿಗೇ ಇರುತ್ತಾರೆ. ಜಗಳವಾಗಿದ್ದರೆ ಒಬ್ಬರು ದೂರ ಹೋಗುತ್ತಾರೆ. ಹಾಗಾಗಿ ಘಟನೆ ಮುಗಿದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು.

ಕೆಲವು ಸಲ ಆಟವೇ ಜಗಳವಾಗುತ್ತದೆ. ಆಗ ಎರಡನ್ನೂ ಬರೆಯಿರಿ.

ಸಂಜೆ ಕ್ಲಿನಿಕ್

ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡುವುದೊಂದೇ ದಾರಿ ಅಲ್ಲ. ಗಂಟೆಗಟ್ಟಲೆ ಕೂರಲು ಆಗದಿದ್ದರೆ ಸನ್ನಿವೇಶವನ್ನೇ ಕಟ್ಟಬಹುದು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಡೇಲ್ ಹೇ ತಂಡ ಪ್ರಯೋಗಾಲಯದಲ್ಲಿ ಒಂದು ವರ್ಷದ ಮಕ್ಕಳಿಗೆ ನಟನೆಯ ಹುಟ್ಟುಹಬ್ಬ ಮಾಡಿ, ಗುರುತಿಲ್ಲದ ಮಕ್ಕಳನ್ನು ಒಟ್ಟಿಗೆ ಬಿಟ್ಟು ನೋಡಿತು. ಅದಕ್ಕೂ ಮುಂಚೆ ಆರು ತಿಂಗಳಿಗೇ ಆರು ಸಾಲಿನ ಪುಟ್ಟ ಪ್ರಶ್ನಾವಳಿ ಕೊಟ್ಟಿತ್ತು. ಕಚ್ಚುವುದು, ಕೂದಲು ಜಗ್ಗುವುದು ಈ ಥರದ್ದು. ಅಮ್ಮ, ಅಪ್ಪ, ಮಗುವನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರು, ಮೂವರೂ ತುಂಬಬೇಕು.

ಕ್ಲಿನಿಕ್‌ಗೆ ಲಾರೆನ್ ವಾಕ್ಸ್‌ಲಾಗ್ ಅವರ ತಂಡ ಮಾಡಿದ ವೀಕ್ಷಣೆ ವಿಧಾನ ಇದೆ. ಅದೇ ಮಗುವನ್ನು ಮೂರು ಸಲ ನೋಡುವುದು. ಪೋಷಕರ ಜೊತೆ ಒಮ್ಮೆ, ಗಮನ ಕೊಡುವ ಪರೀಕ್ಷಕರ ಜೊತೆ ಒಮ್ಮೆ, ತಮ್ಮ ಕೆಲಸದಲ್ಲಿ ಮುಳುಗಿದ ಪರೀಕ್ಷಕರ ಜೊತೆ ಒಮ್ಮೆ. ಮಗು ಮೂರು ಕಡೆ ಮೂರು ಥರ ಇರುತ್ತದೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಅಳತೆ.

ಸ್ನಾತಕೋತ್ತರ ಪ್ರಬಂಧಕ್ಕೆ ಇವೆಲ್ಲ ಭಾರ. ತರಬೇತಿ ಬೇಕು. ಗೊತ್ತಿರಲಿ ಅಂತ ಹೇಳಿದೆ.

ಸೊನ್ನೆಗಳು ಜಾಸ್ತಿ

ಮರೆಯುವ ಮುಂಚೆ ಒಂದು. ಭಾಗಾಕಾರದ ಕೆಳಗಿನ ಸಂಖ್ಯೆಯನ್ನು ಯಾರೂ ಕೇಳಿಲ್ಲ! ಒಂದು ಮಗು ಮೂರು ಗಂಟೆಯಲ್ಲಿ 6 ಸಲ ಹೊಡೆಯಿತು. ಇನ್ನೊಂದು 4 ಸಲ. ಯಾರು ಜಾಸ್ತಿ? ಮೊದಲನೆಯದು ಆ ಮೂರು ಗಂಟೆಯಲ್ಲಿ ಎರಡು ಗಂಟೆ ಬೇರೆ ಮಕ್ಕಳ ಜೊತೆ ಇತ್ತು. ಎರಡನೆಯದು ಅರ್ಧ ಗಂಟೆ ಮಾತ್ರ, ಉಳಿದ ಹೊತ್ತು ಒಂಟಿಯಾಗಿ ಮರಳಲ್ಲಿ ಕೂತಿತ್ತು. ಈಗ ಭಾಗಿಸಿ. ಒಂದು ಗಂಟೆಗೆ 3, ಇನ್ನೊಂದು ಗಂಟೆಗೆ 8.

ವಯಸ್ಸು ಹೋಲಿಸುವಾಗ ಇದು ಇನ್ನೂ ಮುಖ್ಯ. ನಾಲ್ಕು ವರ್ಷದವರು ಎರಡು ವರ್ಷದವರಿಗಿಂತ ಬೇರೆಯವರ ಜೊತೆ ಬಹಳ ಹೆಚ್ಚು ಹೊತ್ತು ಆಡುತ್ತಾರೆ. ಒಟ್ಟು ಹೊಡೆತ ಅಷ್ಟೇ ಇದ್ದರೂ, ಜೊತೆಯ ಆಟದ ಹೊತ್ತಿನಲ್ಲಿ ಅದರ ಪಾಲು ಕುಸಿದಿರಬಹುದು. ಹಾಗಾಗಿ ಬೇರೆ ಮಕ್ಕಳು ಕೈಗೆಟಕುವ ದೂರದಲ್ಲಿದ್ದ ನಿಮಿಷಗಳನ್ನೂ ಬರೆದುಕೊಳ್ಳಿ.

ಅವಳಿತಾಯಿ

ನನ್ನ ಮಕ್ಕಳು ಯಾವಾಗಲೂ ಕೈಗೆಟಕುವ ದೂರದಲ್ಲೇ ಇರುತ್ತಾರೆ. ಪಾಪ, ಅವರ ಕೆಳಗಿನ ಸಂಖ್ಯೆ ದೊಡ್ಡದು. ಇವತ್ತಿನಿಂದ ಅವರನ್ನು ಬೈಯುವುದು ಕಮ್ಮಿ ಮಾಡುತ್ತೇನೆ.

ಒಂದು ಪ್ರಶ್ನೆ. ದೊಡ್ಡವಳ ಶಾಲೆಯಲ್ಲಿ ಹುಡುಗಿಯರು ಹೊಡೆಯುವುದಿಲ್ಲ, "ನಿನ್ನ ಜೊತೆ ಟೂ ಬಿಟ್ಟೆ, ಆಟಕ್ಕೆ ಸೇರಿಸಿಕೊಳ್ಳಲ್ಲ" ಅನ್ನುತ್ತಾರೆ. ಅದು ಹೊಡೆತಕ್ಕಿಂತ ಜಾಸ್ತಿ ನೋವು. ಅದನ್ನು ಯಾರು ಎಣಿಸುತ್ತಾರೆ?

ಸಂಜೆ ಕ್ಲಿನಿಕ್

ಎಣಿಸುತ್ತಾರೆ. ನಿಕ್ಕಿ ಕ್ರಿಕ್ ಮತ್ತು ಜೊತೆಗಾರರು 1997ರಲ್ಲಿ ಶಾಲೆಗೆ ಮುಂಚಿನ ಮಕ್ಕಳಿಗಾಗಿಯೇ ಟೀಚರ್ ತುಂಬುವ ಪಟ್ಟಿ ಮಾಡಿದರು. ಅದರಲ್ಲಿ ಮೈಮೇಲೆ ಕೈ ಮಾಡುವುದು ಬೇರೆ, ಗೆಳೆತನವನ್ನೇ ಆಯುಧ ಮಾಡಿಕೊಳ್ಳುವುದು ಬೇರೆ. ಆದರೆ ಅದಕ್ಕೆ ಮಾತು ಬರಬೇಕು. ಎರಡು ವರ್ಷದವರಿಗೆ ಟೂ ಬಿಡಲು ಇನ್ನೂ ಗೊತ್ತಿಲ್ಲ.

ಎಣಿಕೆಪುಸ್ತಕ

(ಮೂರು ವಾರದ ನಂತರ)

ಬಂದೆ. ನೀವು ಹೇಳಿದ್ದನ್ನೆಲ್ಲ ಮಾಡಲಾಗಲಿಲ್ಲ. ಮಾಡಿದ್ದನ್ನು ಹೇಳುತ್ತೇನೆ.

ಕ್ರಿಯೆಗಳ ಪಟ್ಟಿ ಮಾಡಿದೆ. ಹತ್ತು ಹೊಡೆತದ ಸಾಲು. ತಟ್ಟುವುದು, ಕಿತ್ತುಕೊಳ್ಳುವುದು, ತಗುಲಿದ್ದು, ಕುಸ್ತಿ ಆಟ ಬೇರೆ. ಪೋಷಕರ ಒಪ್ಪಿಗೆ ಪಡೆದು ವಿಡಿಯೋ ಮಾಡಿದೆ. ಮೊದಲ ಎರಡು ದಿನ ಮಕ್ಕಳು ಕ್ಯಾಮೆರಾದ ಮುಂದೆಯೇ ಕುಣಿದರು, ಆ ಎರಡು ದಿನ ಬಿಸಾಕಿದೆ. ಮಕ್ಕಳನ್ನು 12ರಿಂದ 8ಕ್ಕೆ ಇಳಿಸಿ, ಒಂದೊಂದಕ್ಕೆ ನಾಲ್ಕು ಗಂಟೆ ಕೊಟ್ಟೆ. ಅರ್ಧ ಹೊತ್ತು ಬೆಳಗಿನ ಪಾಳಿ ಮೇಡಂ ಹೇಳಿದ ಜಾಗಗಳಲ್ಲೇ. ನಲ್ಲಿಯ ಮುಂದೆ ಒಂದು ದಿನದಲ್ಲಿ ಕಂಡದ್ದು ಕಥೆ ಸಮಯದ ಆರು ದಿನದಲ್ಲೂ ಕಂಡಿರಲಿಲ್ಲ.

ಗೆಳತಿಯ ಜೊತೆ ಪಟ್ಟಿ ಓದಿ, ತುಣುಕುಗಳನ್ನು ನೋಡಿ ಜಗಳವಾಡಿ, ಪಟ್ಟಿ ತಿದ್ದಿ, ಮತ್ತೆ ಹೊಸ ತುಣುಕುಗಳ ಮೇಲೆ ಗುರುತು ಹಾಕಿದೆವು. ಕಪ್ಪಾ 0.7 ದಾಟಿತು. "ತಳ್ಳು" ಮತ್ತು "ದಬ್ಬು" ಬೇರೆ ಅಂತ ಹಟ ಮಾಡಿದ್ದನ್ನು ಬಿಟ್ಟೆವು. ನಮ್ಮಿಬ್ಬರಿಗೂ ಕೊನೆಗೂ ವ್ಯತ್ಯಾಸ ಕಾಣಲಿಲ್ಲ.

ಅಮ್ಮಂದಿರಿಗೆ "ಆಗಾಗ" ತೆಗೆದು ಹಾಕಿ, "ಕಳೆದ ಏಳು ದಿನದಲ್ಲಿ ಎಷ್ಟು ದಿನ ಹೀಗಾಯಿತು?" ಅಂತ ಕೇಳಿದೆ. ಮೊದಲು "ಎಂದೂ ಇಲ್ಲ" ಅಂದಿದ್ದ ಅಮ್ಮ ಎರಡು ಅಂತ ಬರೆದರು. "ಮನೆಯಲ್ಲಿ ಬೇರೆ ಮಕ್ಕಳೇ ಇಲ್ಲ, ಭಾನುವಾರ ನೆಂಟರ ಮಕ್ಕಳು ಬಂದಾಗ ಮಾತ್ರ ಗೊತ್ತಾಯಿತು" ಅಂದರು. ಕೆಳಗಿನ ಸಂಖ್ಯೆ!

ಬೆಳಗಿನ ಪಾಳಿ

ನಿಮ್ಮ ಮೂರು ವರ್ಷದ ಹುಡುಗ?

ಎಣಿಕೆಪುಸ್ತಕ

ನಾಲ್ಕು ಗಂಟೆಯಲ್ಲಿ ಆರು, ಮೇಡಂ. ಅದರಲ್ಲಿ ಐದು, ಸಾಲಿನಲ್ಲಿ ನಿಂತಾಗ. ಟೀಚರ್ ಸರಿಯೇ ಇದ್ದರು. ಕಥೆ ಸಮಯದಲ್ಲಿ ಈಗಲೂ ಸೊನ್ನೆ.

ಆದರೆ ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಮಗು ಬಾಯಿ ತೆರೆದು ಇನ್ನೊಂದರ ತೋಳಿನ ಹತ್ತಿರ ಹೋಯಿತು. ಹಲ್ಲು ತಾಗುವ ಮುಂಚೆ ಟೀಚರ್ ಎತ್ತಿಕೊಂಡರು. ಇಂಥವು ಒಟ್ಟು ಏಳು ಇವೆ. ಕಚ್ಚಿಲ್ಲ, ಹಾಗಾಗಿ ಎಣಿಸುವಂತಿಲ್ಲ. ಎಣಿಸದಿದ್ದರೆ ಚುರುಕು ಟೀಚರ್ ಇರುವ ತರಗತಿಯ ಮಕ್ಕಳೆಲ್ಲ ಸಾಧುಗಳಾಗಿ ಕಾಣುತ್ತಾರೆ. ಟೀಚರ್‌ಗೆ "ತಡೆಯಬೇಡಿ" ಅನ್ನಲಂತೂ ಆಗದು.

ಕಿರುಗಣ್ಣು

ಅನ್ನಲೇಬಾರದು. ನಿಮ್ಮ ಕಣ್ಣ ಮುಂದೆ ಪೆಟ್ಟಾಗುವಂತಿದ್ದರೆ ನೀವೂ ಪುಸ್ತಕ ಬಿಟ್ಟು ಏಳಬೇಕು.

"ತಡೆಯಲ್ಪಟ್ಟ ಪ್ರಯತ್ನ" ಅಂತ ಒಂದು ಖಾನೆ ಮಾಡಿ. ಯಾರು ತಡೆದರು ಅನ್ನುವುದನ್ನೂ ಬರೆಯಿರಿ: ದೊಡ್ಡವರೋ, ಎದುರಿನ ಮಗುವೋ, ಅಥವಾ ತಾನಾಗಿಯೇ ನಿಂತಿತೋ. ಮೂರನೆಯದು ಸಿಕ್ಕರೆ ಆ ತುಣುಕನ್ನು ಜೋಪಾನ ಮಾಡಿ.

ಎಣಿಕೆಪುಸ್ತಕ

ಒಂದು ಸಿಕ್ಕಿದೆ. ಅದೇ ಹುಡುಗ, ಸಾಲಿನಲ್ಲಿ. ಕೈ ಎತ್ತಿದ, ಟೀಚರ್ ಎಲ್ಲಿದ್ದಾರೆ ಅಂತ ತಿರುಗಿ ನೋಡಿದ, ಕೈಯನ್ನು ತನ್ನ ತಲೆ ಕೆರೆದುಕೊಳ್ಳಲು ಬಳಸಿದ. ಇದನ್ನು "ತಾನಾಗಿಯೇ" ಅನ್ನಲೋ, "ದೊಡ್ಡವರು" ಅನ್ನಲೋ?

ಬೆಳಗಿನ ಪಾಳಿ

ನಾನು ಆ ತರಗತಿಯ ಟೀಚರ್ ಆಗಿದ್ದರೆ ಅವನ ಹೆಸರಿಗೇ ಬರೆಯಿರಿ ಅನ್ನುತ್ತಿದ್ದೆ.

ಸೊನ್ನೆಗಳು ಜಾಸ್ತಿ

ಗೆಳತಿಗೂ ಆ ತುಣುಕು ತೋರಿಸಿ, ಏನೂ ಹೇಳದೆ. ಅವರು ಯಾವ ಖಾನೆಯಲ್ಲಿ ಹಾಕುತ್ತಾರೆ ಅಂತ ಇಲ್ಲಿ ಬಂದು ತಿಳಿಸಿ.